ಒರಟು ಫರಸಿ

ನೀಲವ್ವ,

ಇವತ್ತು ಗಜೇಂದ್ರಗಡಕ್ಕೆ ಹೋಗಿ ನಮ್ಮ ಅಂಗಳಕ್ಕೆ ಹಾಸಲು ಬೇರೆ ಫರಸಿಕಲ್ಲು ಆರಿಸಿದೆ. ಹಿಂದಿನ ಪಾಲಿಶ್ ಕಲ್ಲು ಹೊಳಪು ನೋಡಿ ನಾನೇ ಹಾಕಿಸಿದ್ದು. "ಸಗಣಿ ನೀರು ಹೊಡದ್ರ ಇದರ ಮ್ಯಾಲೆ ಕಾಲು ನಿಲ್ಲಂಗಿಲ್ರಿ, ಒರಟು ಕಲ್ಲ ಹಾಕಸ್ರಿ" ಎಂದು ನೀನು ಹೇಳಿದಾಗ ನಕ್ಕಿದ್ದೆ. ಯುಗಾದಿಯ ಮುಂಜಾನೆ ನೀನು ಅಲ್ಲೇ ಜಾರಿಬಿದ್ದೆ. ನಿನ್ನನ್ನು ಮಣ್ಣು ಮಾಡಿ ಬಂದ ವಾರವೇ ಅವನ್ನೆಲ್ಲ ಕೀಳಿಸಿದೆ.

ಮನೆಯಿಂದ ಬಾಟಲಿಯಲ್ಲಿ ಸಗಣಿ ನೀರು ಒಯ್ದಿದ್ದೆ. ಅಂಗಡಿಯವನು ಮೂಗು ಮುರಿದ. ಒಂದೊಂದು ಕಲ್ಲಿನ ಮೇಲೂ ಸುರಿದು ಬರಿಗಾಲಲ್ಲಿ ನಡೆದು ನೋಡಿದೆ. ಒರಟು ಕಲ್ಲಿನ ಮೇಲೆ ಮಾತ್ರ ಕಾಲು ಜಾರಲಿಲ್ಲ.

"ಅದರ ಮ್ಯಾಲೆ ರಂಗೋಲಿ ಚಲೋ ಮೂಡಂಗಿಲ್ರಿ. ಒಮ್ಮೆ ಮನ್ಯಾಗ ಅಕ್ಕಾರನ್ನ ಕೇಳ್ರಿ" ಎಂದ.

"ಆಕಿ ಆಗಲೇ ಹೇಳ್ಯಾಳ. ಇದನ್ನ ಕಳಸ್ರಿ" ಎಂದೆ.