ಪೆಟ್ಟಿಗೆಗೆ ಕುಂಕುಮ

೧೯ ಅಕ್ಟೋಬರ್ ೧೯೮೬, ಭಾನುವಾರ

ವಿಧಾನಸೌಧಕ್ಕೆ ಕಲ್ಲು ಆರಿಸಿಕೊಟ್ಟ ಕೈ ಇದು. ಇಂಥ ಕೈಯಿಂದ ಇವತ್ತು ಒಂದು ಆಟದ ಪೆಟ್ಟಿಗೆಗೆ ಕುಂಕುಮ ಹಚ್ಚಿಸಿಬಿಟ್ಟರು. ಥೂ!

ತಂಗಿಯ ಮಗಳು ಕೋಮಲಾ ನನ್ನನ್ನು ಆರ್.ಟಿ. ನಗರದ ವಿಡಿಯೋ ಗೇಮ್ ಅಂಗಡಿಗೆ ಎಳೆದುಕೊಂಡು ಹೋಗಿದ್ದಳು. ಅಲ್ಲಿ ದಿನಾ ಆಡುವ ಹುಡುಗರೆಲ್ಲ ಸೇರಿ ತಾವೇ ಒಂದು ವಿಡಿಯೋ ಗೇಮ್ ಹಬ್ಬ ಹುಟ್ಟಿಸಿದ್ದಾರೆ. ಯಾವ ಪಂಚಾಂಗದಲ್ಲೂ ಇಲ್ಲದ ಹಬ್ಬ! ಪೆಟ್ಟಿಗೆಗೆ ಚೆಂಡುಹೂವಿನ ಹಾರವಂತೆ, ನಿಂಬೆಹಣ್ಣಂತೆ, ಬಾಗಿಲಲ್ಲಿ ಒಡೆಯಲು ಬೂದುಗುಂಬಳವಂತೆ. ನೇಗಿಲನ್ನು ಪೂಜಿಸಿದರೆ ರಾಗಿಯಾದರೂ ಬರುತ್ತದೆ. ಇದರಿಂದ ಕುಯ್ಯೋ ಎನ್ನುವ ಸದ್ದು ಬಿಟ್ಟು ಇನ್ನೇನು ಬಂದೀತು?

"ಪೂಜೆ ಆದ್ಮೇಲೆ ಆಯುಧ ಮುಟ್ಬಾರ್ದು ಕಣಮ್ಮಿ, ಅಷ್ಟೂ ಗೊತ್ತಿಲ್ವಾ ನಿಮ್ಗೆ?" ಅಂದೆ.

"ನಮ್ ಹಬ್ಬದಲ್ಲಿ ಉಲ್ಟಾ, ಮಾವ. ಪೂಜೆ ಆದ ತಕ್ಷಣ ಹಿರಿಯರೇ ಮೊದ್ಲು ಆಡ್ಬೇಕು. ಭಯ ಆದ್ರೆ ಬಿಡಿ."

ಹುಡುಗರು ಕಿಸಕ್ಕನೆ ನಕ್ಕರು. ನನಗೆ ಭಯವಂತೆ! ಜೇಬಿನಲ್ಲಿ ಹೆಂಡತಿ ಪಟಾಲಮ್ಮ ಕೊಟ್ಟ ಚೀಟಿಯ ಕಂತಿತ್ತು. ಅದರಲ್ಲೇ ಚಿಲ್ಲರೆ ಮಾಡಿಸಿ ಕೂತೆ. ಮೇಲಿನಿಂದ ಹುಳುಗಳ ಹಾಗೆ ಇಳಿದ ವಿಮಾನಗಳು ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನನ್ನು ಮುಗಿಸಿದವು. ಇನ್ನೊಂದು ರೂಪಾಯಿ ಹಾಕಿದೆ. ಆಮೇಲೆ ಮತ್ತೊಂದು. ನಗುತ್ತಿದ್ದ ಹುಡುಗರೇ ಚಿಲ್ಲರೆ ತಂದುಕೊಡತೊಡಗಿದರು.

"ಸಾಕು ಏಳಿ ಮಾವ, ಅತ್ತೆ ನನ್ನನ್ನೂ ಸೇರಿಸಿ ಬೈತಾರೆ," ಎಂದು ಕೋಮಲಾ ಮೊಣಕೈ ಹಿಡಿದು ಎಳೆದಳು.

ಕೆಲಸಕ್ಕೆ ಬಾರದವರ ಹಬ್ಬ. ಅದಕ್ಕೊಂದು ಪ್ರಸಾದ ಬೇರೆ, ಹಳಸಲು ಕಡ್ಲೆಪುರಿ. ಬೆಳಿಗ್ಗೆ ಚೀಟಿಯವನು ಬಾಗಿಲಿಗೆ ಬರುತ್ತಾನೆ. ಎರಡು ರೂಪಾಯಿ ಕಡಿಮೆ ಬಿದ್ದಿದೆ ಅಂತ ಪಟಾಲಮ್ಮನಿಗೆ ಹೇಳಿದ್ದೇನೆ. ಹೋಗಿರುವುದು ಮೂವತ್ತೆಂಟು.