ಬಕ್ಕಪ್ಪನಿಗೆ ಹೊದಿಸಿದ ಶಾಲು

೨೦ ಜನವರಿ ೨೦೦೪, ಮಂಗಳವಾರ. ಹುಮನಾಬಾದ್

ಶಾಲು ಹೊದಿಸಿದ್ದು ನಾನೇ. ಈ ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ಬರುವುದಿಲ್ಲ.

ಇವತ್ತು ದುಬಲಗುಂಡಿಯಲ್ಲಿ ನಮ್ಮ ಬೀದಿ ನಾಟಕವಿತ್ತು. ಮದುವೆಯ ಹೆಸರಲ್ಲಿ ಹುಡುಗಿಯರನ್ನು ಪುಣೆಗೆ ಒಯ್ದು ಮಾರುವ ದಲಾಲನ ಪಾತ್ರ ನನ್ನದು. ಕೊರಳಿಗೆ ಕೆಂಪು ಕರವಸ್ತ್ರ, ಅಂಟಿಸಿದ ಮೀಸೆ, ಗಹಗಹಿಸುವ ನಗು. ಜನ ಚಪ್ಪಾಳೆ ಹೊಡೆದರು. ನಾನು ಹಿಗ್ಗಿದೆ.

ಆಟಕ್ಕೆ ಮೊದಲು ಊರಿನ ಹಿರಿಯರೊಬ್ಬರಿಗೆ ಶಾಲು ಹೊದಿಸುವುದು ನಮ್ಮ ತಂಡದ ರೂಢಿ. ಹೊದಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಯಾರಿಗೆ ಎಂದು ಊರವರನ್ನು ಕೇಳಿದೆ.

"ಬಕ್ಕಪ್ಪನವರಿಗಿ ಹೊದಸ್ರಿ. ಬಡವರ ಹೆಣ್ಮಕ್ಕಳ ಲಗ್ನ ಮಾಡಸ್ತಾರ" ಎಂದರು.

ಹೊದಿಸಿದೆ. ಕಾಲಿಗೂ ಬಿದ್ದೆ.

ಆಟ ಮುಗಿದ ಮೇಲೆ, ಹೊಲದ ಕೂಲಿ ಮಾಡುವ ಕಮಳಾಬಾಯಿ ಎಂಬಾಕೆ ನನ್ನ ಮೀಸೆಯನ್ನೇ ನೋಡುತ್ತ ನಿಂತಳು.

"ಹಿಂಗ ಮೀಸಿ ತಿರುವಿಕೋತ ಬಂದಿದ್ರ ನಾ ಬಾಗಿಲಾ ತೆಗೀತಿದ್ನೇನ್ರಿ ಸರ? ಅಂವ ನೆಲದ ಮ್ಯಾಲ ಕುಂತು ನನ್ನ ಕೈಯಾನ ರೊಟ್ಟಿ ತಿಂದ. ನನ್ನ ಹುಡುಗಿ ಪೂನಂಗ ಮಗಳಾ ಅಂದ. ಪುಣೆದಾಗ ವರ ಅದಾನ ಅಂತ ಕರಕೊಂಡು ಹ್ವಾದ. ಮೂರು ವರ್ಷ ಆತು, ಒಂದು ಚಿಟ್ಠಿ ಇಲ್ಲ."

"ಯಾರವ್ವಾ ಅಂವ?"

"ನೀವು ಕಾಲಿಗಿ ಬಿದ್ರಲ್ರಿ, ಅವರೇ."

ಠಾಣೆಗೆ ಹೋಗೋಣ ಬಾ ಎಂದೆ. ಆಕೆ ತಲೆ ಅಲ್ಲಾಡಿಸಿದಳು.

"ನಿನ್ನಿ ತನಕ ನನ್ನ ಮಾತು ಯಾರರ ನಂಬ್ತಿದ್ರೇನೋ. ಇವತ್ತ ಊರ ಮಂದಿ ಮುಂದ ನೀವೇ ಶಾಲು ಹೊದಿಸೀರಿ."

ಮೀಸೆ ಕೀಳುವಾಗ ತುಟಿಯ ಮೇಲಿನ ಚರ್ಮವೂ ಕಿತ್ತು ಬಂತು. ಉರಿಯುತ್ತಿದೆ. ಉರಿಯಲಿ.

ನಾಳೆ ನಿರ್ಣಾದಲ್ಲಿ ಆಟ. ತಂಡದವರು ಚೀಲದಲ್ಲಿ ಆಗಲೇ ಇನ್ನೊಂದು ಶಾಲು ಮಡಿಸಿ ಇಟ್ಟಿದ್ದಾರೆ.