ಕ್ರೆನ್ಷಾ ಹೆಸರಿನ ಫಲಕ

ಹಾರ್ಲನ್ ಫಾಲ್ಸ್, ಓಹಿಯೋ
ಏಪ್ರಿಲ್ 3, 2023, ಸೋಮವಾರ

ಪ್ರೀತಿಯ ಒಡೆಸ್ಸಾ,

ಹೇಗಿದ್ದೀಯ? ಸವಾನಾದಲ್ಲಿ ಆಗಲೇ ಬಿಸಿಲು ಏರಿರಬೇಕು. ಇಲ್ಲಿ ಇವತ್ತು ಬೆಳಿಗ್ಗೆಯೂ ಕಾರಿನ ಗಾಜಿನ ಮೇಲಿನ ಹಿಮ ಕೆರೆದೆ. ಲೂಷಿಯಸ್ ತೀರಿಕೊಂಡಾಗ ನೀನು ಕಳಿಸಿದ ಕಾರ್ಡು ಅಕ್ಟೋಬರಿನಲ್ಲೇ ಬಂದು ಸೇರಿತ್ತು. ಐದು ತಿಂಗಳಾದರೂ ಉತ್ತರ ಬರೆಯಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಬಂದ ಕಾರ್ಡುಗಳಿಗೆಲ್ಲ ಚರ್ಚಿನ ಹೆಂಗಸರು ನನ್ನ ಪರವಾಗಿ ಧನ್ಯವಾದ ಬರೆದು ಹಾಕಿದರು. ನಿನ್ನದೊಂದನ್ನು ಮಾತ್ರ ಅವರ ಕೈಗೆ ಕೊಡಲಿಲ್ಲ. ನಾನೇ ಬರೆಯಬೇಕು ಅಂದುಕೊಂಡು ನಾಲ್ಕು ಸಲ ಕೂತೆ. ‘ಪ್ರೀತಿಯ ಒಡೆಸ್ಸಾ’ ಎಂದು ಬರೆದಾದ ಮೇಲೆ ಮುಂದಿನ ಸಾಲು ಬರಲೇ ಇಲ್ಲ.

ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಒಬ್ಬಳಿಗೆ ಜೋಳದ ಗಂಜಿ ಕಾಸುವ ಅಳತೆ ಇನ್ನೂ ಕೈಗೆ ಹತ್ತಿಲ್ಲ, ಬೆಳಗಿನದೇ ಸಂಜೆಗೂ ಉಳಿಯುತ್ತದೆ. ಎಡಗಡೆಯ ಮೊಣಕಾಲು ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತದೆ, ಹತ್ತುವಾಗ ಏನೂ ಇಲ್ಲ. ಡಾಕ್ಟರು ರಕ್ತದೊತ್ತಡ ಅಂದರು. ನನಗೆ ಅನ್ನಿಸುವುದು ಬರೀ ಆಯಾಸ. ಎದ್ದು ಹಾಸಿಗೆ ಸರಿ ಮಾಡುತ್ತೇನೆ, ಆಮೇಲೆ ಅದರ ಮೇಲೇ ಕೂತುಬಿಡುತ್ತೇನೆ. ಲೂಷಿಯಸ್ ಇದ್ದಿದ್ದರೆ, “ಏನೇ, ಹಾಸಿಗೆ ಓಡಿಹೋಗುತ್ತೆ ಅಂತ ಕಾವಲು ಕೂತಿದ್ದೀಯ?” ಅನ್ನುತ್ತಿದ್ದ.

ಈಗ ಬರೆಯಲೇಬೇಕಾಗಿ ಬಂದಿದೆ. ಮುಂದಿನ ವಾರ ನಿನಗೆ ನಮ್ಮ ಸಂಘದಿಂದ ಒಂದು ಕಾಗದ ಬರುತ್ತದೆ. ಅದಕ್ಕಿಂತ ಮೊದಲು ನನ್ನದು ನಿನ್ನ ಕೈ ಸೇರಬೇಕು.

ಸಂಘಕ್ಕೆ ಈಗ ಶನೀಸ್ ಪ್ರೂಯಿಟ್ ಎಂಬ ಹುಡುಗಿ ಅಧ್ಯಕ್ಷೆ, ಸಾರ್ಜೆಂಟ್. ಹುಡುಗಿ ಅಂದರೆ ಮೂವತ್ತೆಂಟು ವರ್ಷ. ನೀನು ಊರು ಬಿಟ್ಟಾಗ ಅವಳಿಗೆ ಒಂಬತ್ತು. ನಮ್ಮ ಕಾಲದಲ್ಲಿ ಕಪ್ಪು ಪೊಲೀಸರ ಸಂಘ ಅಂದರೆ ಗಂಡಸರು ಮಾತಾಡುವುದು, ನಾವು ಕಾಫಿ ಕಾಸುವುದು. ಈಗ ಆಡಳಿತ ಮಂಡಳಿಯ ಒಂಬತ್ತು ಜನರಲ್ಲಿ ಆರು ಮಂದಿ ಹೆಂಗಸರು. ಪ್ರತಿ ವರ್ಷ ಮಾರ್ಚಿನಲ್ಲಿ ಹೆಂಗಸರಿಗೆಂದೇ ಒಂದು ಸನ್ಮಾನದ ಊಟ ಇಡುತ್ತಾರೆ. ಫೆಬ್ರವರಿಯಲ್ಲಿ ಒಂದು ದಿನ ಶನೀಸ್ ಗೆಣಸಿನ ಕಡುಬು ಹಿಡಿದುಕೊಂಡು ಮನೆಗೆ ಬಂದಳು.

“ಮಿಸ್ ಅರ್ನೆಸ್ಟೀನ್, ಬೇಡ ಅನ್ನೋ ಹಾಗಿಲ್ಲ, ಮೊದಲೇ ಹೇಳ್ಬಿಡ್ತೀನಿ” ಅಂದಳು.

“ಕಡುಬು ಬೇಡ ಅಂತ ಯಾವತ್ತಮ್ಮ ಅಂದಿದ್ದೀನಿ?”

“ಕಡುಬಲ್ಲ, ಪ್ರಶಸ್ತಿ. ಈ ಸಲದ ಸೇವಾ ಪ್ರಶಸ್ತಿ ನಿಮಗೇ. ಮಂಡಳೀಲಿ ಒಬ್ರೂ ಎರಡನೇ ಮಾತಾಡ್ಲಿಲ್ಲ. ಶನಿವಾರದ ಜಡೆಗೆ.”

ಶನಿವಾರದ ಜಡೆಯ ಬಗ್ಗೆ ನಿನಗೆ ನಾನು ಹೇಳಬೇಕೆ? ಶುರು ಮಾಡಿದವಳೇ ನೀನು. ಬಿಳಿಯರ ಮನೆಯಲ್ಲಿ ಸಾಕಲು ಬಿಟ್ಟಿದ್ದ ಆ ಮಗು ಠಾಣೆಯ ಬೆಂಚಿನ ಮೇಲೆ ಕೂತಿತ್ತು. ತಲೆಯೆಲ್ಲ ಜಟೆ ಕಟ್ಟಿತ್ತು. ನಮ್ಮ ಗುಂಗುರು ಕೂದಲು ಬಾಚುವುದು ಗೊತ್ತಿಲ್ಲದ ಆ ಮನೆಯ ಹೆಂಗಸು ಪಾಪ, ಬೋಳಿಸಿಬಿಡೋಣವಾ ಎಂದು ಕೇಳುತ್ತಿದ್ದಳು. ನೀನು ಪಿಸ್ತೂಲನ್ನು ಬೀಗ ಹಾಕಿಟ್ಟು ಬಂದು, ಮಗುವನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಮೂರು ಗಂಟೆ ಸಿಕ್ಕು ಬಿಡಿಸಿದೆ. “ನೋಯ್ತಾ ರಾಣಿ? ನನ್ನಮ್ಮ ಆಗಿದ್ರೆ ಇಷ್ಟು ಹೊತ್ತಿಗೆ ಬಾಚಣಿಗೇಲೇ ಎರಡು ಕೊಟ್ಟಿರ್ತಿದ್ಲು” ಅಂದಾಗ ಆ ಮಗು ನಕ್ಕಿತಲ್ಲ, ಆ ನಗು ನೋಡಿಯೇ ನಾನೂ ಪಕ್ಕದಲ್ಲಿ ಕೂತು ಎಣ್ಣೆ ಹಚ್ಚತೊಡಗಿದ್ದು. ಈಗ ಶನಿವಾರಕ್ಕೆ ಇಪ್ಪತ್ತು ಇಪ್ಪತ್ತೈದು ಮಕ್ಕಳು ಬರುತ್ತವೆ. ಸಾಕುತಾಯಂದಿರೂ ಕೂತು ಕಲಿಯುತ್ತಾರೆ. ಊರಿನವರ ಬಾಯಲ್ಲಿ ಅದು ‘ಅರ್ನೆಸ್ಟೀನಳ ಶನಿವಾರ’ ಆಗಿ ಎಷ್ಟೋ ವರ್ಷವಾಯಿತು. ನಾನು ತಿದ್ದಲಿಲ್ಲ.

ಶನೀಸ್ ಹಸಿರು ಅಕ್ಷರದ ಆಹ್ವಾನಪತ್ರ ತೆಗೆದು ಮೇಜಿನ ಮೇಲಿಟ್ಟಳು. ‘ಹೊಬಾರ್ಟ್ ಕ್ರೆನ್ಷಾ ಸೇವಾ ಪ್ರಶಸ್ತಿ.’ ಅವನು ಸತ್ತು ಒಂಬತ್ತು ವರ್ಷ. ಸತ್ತ ಮರುವರ್ಷವೇ ಹಳಬರು ಅವನ ಹೆಸರಿಟ್ಟರು. ಆ ಸಭೆಗೆ ನಾನು ಹೋಗಿರಲಿಲ್ಲ. ಹೋಗಿದ್ದರೂ ಬಾಯಿ ಬಿಡುತ್ತಿರಲಿಲ್ಲ.

“ಕ್ರೆನ್ಷಾ ಸರ್ ನಿಮ್ಮ ಕಾಲದವರಲ್ವಾ? ಹೇಗಿದ್ರು ಅವರು?” ಎಂದು ಕೇಳಿದಳು.

“ಎತ್ತರ ಇದ್ರು” ಅಂದೆ.

ಆ ಹೆಸರನ್ನು ಈ ಕಾಗದದಲ್ಲಿ ಬರೆದದ್ದಕ್ಕೆ ಕ್ಷಮಿಸು. ನಿನಗೆ ನೆನಪು ಮಾಡಿಕೊಡಬೇಕಾದದ್ದೇನೂ ಇಲ್ಲ. ಆದರೂ ಬರೆಯುತ್ತೇನೆ, ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ನಾವಿಬ್ಬರೂ ಅದನ್ನು ಬಾಯಿಗೆ ತಂದಿಲ್ಲ. ತೊಂಬತ್ತಮೂರರ ಸೆಪ್ಟೆಂಬರಿನಲ್ಲಿ ಲೆಫ್ಟಿನೆಂಟ್ ಕ್ರೆನ್ಷಾ ನಿನ್ನನ್ನು ಠಾಣೆಯಲ್ಲಿ ಜಪ್ತಿ ಮಾಡಿದ ಸಾಮಾನು ಇಡುವ ಮುದ್ದೆಮಾಲಿನ ಕೋಣೆಗೆ ಕರೆದು, ಕಪಾಟಿಗೆ ಒತ್ತಿ ನಿಲ್ಲಿಸಿ ಮೈಮೇಲೆ ಕೈ ಹಾಕಿದ. ನೀನು ದೂರು ಬರೆದುಕೊಟ್ಟೆ. ಆಗ ಅವನೇ ಸಂಘದ ಅಧ್ಯಕ್ಷ. ಬಡ್ತಿಯಲ್ಲಿ ನಮ್ಮವರಿಗೆ ಆಗುತ್ತಿದ್ದ ಅನ್ಯಾಯದ ಮೇಲೆ ನಾವು ಹೂಡಿದ್ದ ಮೊಕದ್ದಮೆಯಲ್ಲಿ ಮೊದಲ ಹೆಸರೂ ಅವನದೇ. ಸಂಘದ ಗಂಡಸರು ನಿನ್ನ ಮನೆಗೆ ಬಂದು, “ಆಗಿದೆಯೋ ಇಲ್ವೋ ಅದು ಬೇರೆ ಮಾತು. ಈಗ ಸಮಯ ಅಲ್ಲ ತಂಗಿ. ಬಿಳಿಯರ ಕೈಗೆ ನೀನೇ ದೊಣ್ಣೆ ಕೊಡ್ಬೇಡ” ಅಂದರಂತೆ. ನೀನು ದೂರು ವಾಪಸು ತೆಗೆದುಕೊಳ್ಳಲಿಲ್ಲ. ವಿಚಾರಣೆಯಲ್ಲಿ ಅವನದೊಂದು ಮಾತು, ನಿನ್ನದೊಂದು ಮಾತು, ನೋಡಿದವರು ಯಾರೂ ಇಲ್ಲ ಎಂದು ಕಡತ ಮುಚ್ಚಿದರು. ನಿನ್ನನ್ನು ಜೈಲಿನ ಪಾಳಿಗೆ ಹಾಕಿದರು. ಮುಂದಿನ ಜೂನಿನಲ್ಲಿ ನೀನು ಊರೇ ಬಿಟ್ಟೆ.

ಊಟ ಮೊನ್ನೆ ಮಾರ್ಚ್ ಇಪ್ಪತ್ತೈದಕ್ಕೆ ಆಯಿತು. ಸಭಾಂಗಣದ ತುಂಬ ಜನ. ಹೆಂಗಸರ ಟೋಪಿಗಳನ್ನು ನೀನು ನೋಡಬೇಕಿತ್ತು. ಹೊಸದಾಗಿ ಸೇರಿದ ಹುಡುಗಿಯರು ಬಿಳಿ ಕೈಗವಸು ಹಾಕಿ ಧ್ವಜ ಹಿಡಿದು ನಡೆದುಬಂದಾಗ ಒಬ್ಬೊಬ್ಬರನ್ನೇ ಎಣಿಸಿದೆ. ಹದಿನೇಳು ಹುಡುಗಿಯರು ಕಣೇ. ನಾವು ಸೇರಿದಾಗ ನಾವು ಮೂರೇ ಜನ, ನೀನು, ನಾನು, ಜೈಲಿನ ಪಾಳಿಯ ಬರ್ನಡೀನ್. ಬರ್ನಡೀನ್ ನನ್ನ ಪಕ್ಕದಲ್ಲೇ ಕೂತಿದ್ದಳು. ಈಗ ಊರುಗೋಲು ಹಿಡಿದಿದ್ದಾಳೆ. ನಾಲಿಗೆಗೆ ಮಾತ್ರ ಊರುಗೋಲು ಬೇಕಾಗಿಲ್ಲ.

“ಈ ಕೋಳಿ ನಮಗಿಂತ ಮುಂಚೆ ನಿವೃತ್ತಿ ಆಗಿತ್ತು ಅನ್ಸುತ್ತೆ ಟೀನಾ. ಪಿಂಚಣಿ ತಗೊಂಡೇ ಬಂದಿದೆ” ಅಂದಳು.

“ಮೆತ್ತಗೆ ಮಾತಾಡೇ, ಮಾಡಿದವಳು ಹಿಂದೇನೇ ಕೂತಿದ್ದಾಳೆ.”

“ಕೇಳಿಸ್ಲಿ ಬಿಡು. ಮುಂದಿನ ವರ್ಷ ಇನ್ನೊಂದು ಸ್ವಲ್ಪ ಹೊತ್ತು ಬೇಯಿಸ್ತಾಳೆ.” ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ವೇದಿಕೆಯ ಮೇಲೆ ತೂಗುಹಾಕಿದ್ದ ಕ್ರೆನ್ಷಾನ ಪಟ ನೋಡುತ್ತಾ ತಗ್ಗಿದ ದನಿಯಲ್ಲಿ, “ಹೆಂಗಸರಿಗೆ ಕೊಡೋ ಪ್ರಶಸ್ತಿಗೆ ಇವನ ಹೆಸರು! ಒಡೆಸ್ಸಾ ಇಲ್ಲಿ ಇದ್ದಿದ್ರೆ ಆ ಪಟಕ್ಕೆ ಸಾರು ಎರಚ್ತಿದ್ಲು. ನಾವೆಲ್ಲ ಆವಾಗ ಸುಮ್ನಿದ್ವಿ ಕಣೇ. ಆದ್ರೆ ನಾವೇನು ಮಾಡಕ್ಕಾಗ್ತಿತ್ತು ಹೇಳು? ನಾವೇನು ಕಣ್ಣಾರೆ ನೋಡಿದ್ವಾ?” ಅಂದಳು.

ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ವೇದಿಕೆಯ ಮೇಲೆ ಗಾಜಿನ ಫಲಕ ಕೈಗಿಟ್ಟರು. ಮೇಲೆ ಅವನ ಹೆಸರು ದೊಡ್ಡದಾಗಿ, ಕೆಳಗೆ ನನ್ನದು ಸಣ್ಣದಾಗಿ. ವಾಪಸು ಕೊಟ್ಟುಬಿಡಬೇಕು ಎಂದು ವಾರದಿಂದ ಅಂದುಕೊಂಡಿದ್ದೆ. ಕೊಡಲಿಲ್ಲ. ಮೈಕಿನ ಮುಂದೆ ನಿಂತು, ಈ ಕೆಲಸ ನನ್ನದಲ್ಲ, ಇದನ್ನು ಶುರು ಮಾಡಿದವಳು ಒಡೆಸ್ಸಾ ಮೇಬ್ರಿ, ನಾನು ಅವಳ ಪಕ್ಕದಲ್ಲಿ ಕೂತು ಕಲಿತವಳು ಅಂದೆ. ಅಷ್ಟೇ ಅಂದೆ. ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮುದುಕರ ಮೇಜಿನಲ್ಲಿ ಇಬ್ಬರು ಮಾತ್ರ ತಮ್ಮ ತಟ್ಟೆ ನೋಡುತ್ತಾ ಕೂತಿದ್ದರು.

ಕಾರಿನವರೆಗೂ ಶನೀಸ್ ನನ್ನ ಕೈ ಹಿಡಿದುಕೊಂಡು ಬಂದಳು.

“ಒಡೆಸ್ಸಾ ಮೇಬ್ರಿ! ಇಷ್ಟು ವರ್ಷ ಈ ಹೆಸರು ನಮಗ್ಯಾರಿಗೂ ಯಾಕೆ ಹೇಳ್ಲಿಲ್ಲ ನೀವು? ಬದುಕಿದಾರಾ?”

“ಚೆನ್ನಾಗೇ ಇದ್ದಾಳೆ. ಜಾರ್ಜಿಯಾದಲ್ಲಿ.”

“ಹಾಗಾದ್ರೆ ಮುಂದಿನ ವರ್ಷದ ಕ್ರೆನ್ಷಾ ಪ್ರಶಸ್ತಿ ಅವರಿಗೇ. ನಾನೇ ಕಾಗದ ಬರೀತೀನಿ. ಅಲ್ಲಾ, ಇಂಥವರು ಊರು ಬಿಟ್ಟು ಯಾಕೆ ಹೋದ್ರು?”

“ತಾಯಿಗೆ ಹುಷಾರಿರ್ಲಿಲ್ಲ” ಅಂದೆ. ನಿನ್ನ ತಾಯಿ ಆಗಾಗಲೇ ಹೋಗಿ ಎಂಟು ವರ್ಷವಾಗಿತ್ತು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಕಾರಿನಲ್ಲಿ ಕೂತು ಕೀಲಿ ತಿರುಗಿಸುವ ಹೊತ್ತಿಗೆ ನನಗೇ ನಿಜ ಅನ್ನಿಸಿತ್ತು.

ವಿಳಾಸಕ್ಕೆ ಅವಳು ಮೂರು ಸಲ ಫೋನ್ ಮಾಡಿದಳು. ನಿನ್ನೆ ಕೊಟ್ಟೆ. ಅವಳೇ ಕೈಯಾರೆ ಬರೆದು ಶುಕ್ರವಾರ ಟಪಾಲಿಗೆ ಹಾಕುತ್ತಾಳಂತೆ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಒಳ್ಳೆಯ ಹುಡುಗಿ. ಏನೂ ಗೊತ್ತಿಲ್ಲದೆ ನಿನಗೆ ಗೌರವ ಮಾಡಲು ಹೊರಟಿದ್ದಾಳೆ. ನೀನು ಸವಾನಾದಲ್ಲಿ ಅಂಚೆಪೆಟ್ಟಿಗೆ ತೆರೆದು, ಲಕೋಟೆ ಹರಿದು, ಅವನ ಹೆಸರಿನ ಕೆಳಗೆ ನಿನ್ನ ಹೆಸರು ಓದುವುದು ನನ್ನ ಕಣ್ಣ ಮುಂದೆ ಬರುತ್ತಲೇ ಇದೆ. ಅದು ಆಗಬಾರದು ಎಂದೇ ಐದನೇ ಸಲ ಕೂತು ಇಷ್ಟು ಬರೆದೆ.

ಫಲಕ ಕಾರಿನ ಡಿಕ್ಕಿಯಲ್ಲೇ ಇದೆ. ಮನೆಯೊಳಗೆ ತರಲು ಮನಸ್ಸಾಗಿಲ್ಲ.

ನಿನ್ನ ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನ ಮೈಯನ್ನೂ ಮನಸ್ಸನ್ನೂ ತನ್ನ ಅಂಗೈಯಲ್ಲಿಟ್ಟು ಕಾಯಲಿ. ನನ್ನ ಪಾಲಿನ ಒಳ್ಳೆಯ ದಿನಗಳೇನಾದರೂ ಉಳಿದಿದ್ದರೆ ಅವೂ ನಿನಗೇ ಸೇರಲಿ.

ನಿನ್ನ,
ಅರ್ನೆಸ್ಟೀನ್ ಟಾಲಿವರ್

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಒಡೆದಿದ್ದೇನೆ.

ನಾನು ನೋಡಿದ್ದೆ, ಒಡೆಸ್ಸಾ. ಆ ದಿನ ಕಳುವಾಗಿ ಸಿಕ್ಕಿದ್ದ ಒಂದು ಸೈಕಲ್ಲಿಗೆ ಚೀಟಿ ಕಟ್ಟಿ ಆ ಕೋಣೆಯಲ್ಲಿಡಲು ಬಂದಿದ್ದೆ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಅವನ ಬೆನ್ನು ಕಂಡಿತು, ಅವನ ಭುಜದ ಮೇಲಿನಿಂದ ನಿನ್ನ ಮುಖ. “ಬಿಡಿ ಸರ್” ಎಂದು ನೀನು ಎರಡು ಸಲ ಅಂದದ್ದು ಕೇಳಿಸಿತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಸದ್ದಾಗದಂತೆ ಮೆಟ್ಟಿಲಿಳಿದು ಹೋದೆ. ವಿಚಾರಣೆಯಲ್ಲಿ ಕೇಳಿದಾಗ, ಆ ಹೊತ್ತಿನಲ್ಲಿ ಹೊರಗೆ ಕಾರಿನ ಹತ್ತಿರ ಇದ್ದೆ ಎಂದು ಬರೆದು ಸಹಿ ಹಾಕಿದೆ.

ಯಾರೂ ನನ್ನನ್ನು ಹೆದರಿಸಲಿಲ್ಲ. ಲೂಷಿಯಸ್ ಬೇಡ ಅಂದ ಎನ್ನಬಹುದಿತ್ತು, ಸತ್ತವನು ಎದ್ದುಬಂದು ಇಲ್ಲ ಅನ್ನುವುದಿಲ್ಲ. ಆದರೆ ಅವನಿಗೂ ನಾನು ಕೊನೆಯವರೆಗೆ ಹೇಳಲಿಲ್ಲ. ಆ ಮೊಕದ್ದಮೆಯ ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕನೆಯದು. ಕ್ರೆನ್ಷಾ ಬಿದ್ದರೆ ಮೊಕದ್ದಮೆಯೂ ಬೀಳುತ್ತಿತ್ತು. ಇಷ್ಟೇ ಕಾರಣ.

ಹದಿನೆಂಟನೇ ತಾರೀಖು ಮಂಗಳವಾರ ಮಂಡಳಿಯ ಸಭೆ ಇದೆ. ಫಲಕವನ್ನು ಮೇಜಿನ ಮೇಲಿಟ್ಟು ನಾನು ಸುಳ್ಳು ಬರೆದು ಸಹಿ ಹಾಕಿದ್ದನ್ನು ಹೇಳುತ್ತೇನೆ. ನೀನು ಒಪ್ಪಿ ತಿಳಿಸದ ಹೊರತು ನಿನ್ನ ಹೆಸರು ಎತ್ತುವುದಿಲ್ಲ. ನನಗೆ ಉತ್ತರ ಬರೆಯಬೇಕೆಂದೇನೂ ಇಲ್ಲ.

ಮೊಕದ್ದಮೆ ಗೆದ್ದೆವು. ತೊಂಬತ್ತನಾಲ್ಕರ ಏಪ್ರಿಲಿನಲ್ಲಿ ನನ್ನ ತೋಳಿಗೆ ಸಾರ್ಜೆಂಟ್ ಪಟ್ಟಿ ಬಂತು. ಆ ದಿನ ನೀನು ಜೈಲಿನ ಪಾಳಿ ಮುಗಿಸಿ, ನಿದ್ದೆಯನ್ನೂ ಮಾಡದೆ, ನಿಂಬೆಹಣ್ಣಿನ ಕೇಕು ಮಾಡಿಕೊಂಡು ಮನೆಗೆ ಬಂದೆ. ಆ ಮುದ್ದೆಮಾಲಿನ ಕೋಣೆಯಲ್ಲಿ ಬಾಗಿಲ ಕಡೆಗಿದ್ದದ್ದು ನಿನ್ನ ಮುಖ. ನೀನು ನನ್ನನ್ನು ಕಂಡಿದ್ದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲ ತುಂಡು ಕತ್ತರಿಸಿ ನೀನೇ ನನ್ನ ಬಾಯಿಗೆ ಇಟ್ಟೆ. ನಾನು ತಿಂದೆ.